ನೂರ ಅರವತ್ತನೆಯ ಪುಟ

ಕೊಲೆ ಮಾಡುವುದು ಕಷ್ಟದ ಕೆಲಸ, ಕೊಲೆಗಾರನನ್ನು ಹಿಡಿಯುವುದು ಮಾತ್ರ ಬಲು ಸುಲಭ ಎಂಬ ಅಭಿಪ್ರಾಯಕ್ಕೆ ರಟ್ಟಣ್ಣ ಬಂದದ್ದು ಹನ್ನೊಂದನೆಯ ಪುಸ್ತಕಕ್ಕೆ ರಟ್ಟು ಕಟ್ಟಿ ಮುಗಿಸಿದ ದಿನ. ಅದಕ್ಕೂ ಮುಂಚಿನ ಐವತ್ತಮೂರು ವರ್ಷ ಅವನಿಗೆ ಕೊಲೆಯ ವಿಷಯದಲ್ಲಾಗಲಿ ಕೊಲೆಗಾರರ ವಿಷಯದಲ್ಲಾಗಲಿ ಯಾವ ಅಭಿಪ್ರಾಯವೂ ಇರಲಿಲ್ಲ. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕೂತು ಹರಿದ ಪುಸ್ತಕಗಳನ್ನು ಹೊಲಿದು, ರಟ್ಟು ಹಾಕಿ, ಬೆನ್ನಿಗೆ ಬಟ್ಟೆ ಅಂಟಿಸಿ ಮುಂದಿನ ಕೋಣೆಗೆ ಕಳಿಸುವುದು ಅವನ ಕೆಲಸ. ಆ ಕೆಲಸದಿಂದಲೇ ಆ ಹೆಸರು. ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿದೆ. ಅಲ್ಲಿಂದ ಅದು ಹೊರಗೆ ಬಂದದ್ದನ್ನು ಯಾರೂ ನೋಡಿಲ್ಲ.

ಅವನ ತಲೆ ಕೆಡಿಸಿದವಳು ಗುಂಡಿ ಚಿಕ್ಕಮ್ಮ. ಗಾಬರಿಯಾಗಬೇಡಿ, ರಟ್ಟಣ್ಣನ ಸಂಸಾರದಲ್ಲಿ ಎಲ್ಲ ಸರಿಯಾಗಿದೆ. ಗುಂಡಿ ಚಿಕ್ಕಮ್ಮ ಎಂಬಾಕೆ ನಲವತ್ತೆರಡು ಕಾದಂಬರಿಗಳ ಒಂದು ಮಾಲೆಯ ನಾಯಕಿ. ಅಂಗಿಗೆ ಹಾಕುವ ಗುಂಡಿಗಳನ್ನು ಮಾರುವ ಸಣ್ಣ ಅಂಗಡಿ ಆಕೆಯದು. ಪ್ರತಿ ಪುಸ್ತಕಕ್ಕೂ ಲೆಕ್ಕವಿಟ್ಟ ಹಾಗೆ ನೂರ ಅರವತ್ತು ಪುಟ. ಹತ್ತನೆಯ ಪುಟದಲ್ಲಿ ಯಾರೋ ಸಾಯುತ್ತಾರೆ, ರಕ್ತ ಚೆಲ್ಲದೆ, ಯಾರಿಗೂ ತೊಂದರೆ ಕೊಡದೆ. ಅರವತ್ತನೆಯ ಪುಟದಲ್ಲಿ ಇನ್‌ಸ್ಪೆಕ್ಟರು ತಪ್ಪು ಮನುಷ್ಯನನ್ನು ಹಿಡಿಯುತ್ತಾರೆ. ನೂರ ಐವತ್ತರಲ್ಲಿ ಚಿಕ್ಕಮ್ಮ ಎಲ್ಲರನ್ನೂ ಅಂಗಡಿಯ ಒಳಕೋಣೆಗೆ ಕರೆಸಿ, ಟೀ ಕೊಟ್ಟು, ಒಬ್ಬೊಬ್ಬರ ಬಣ್ಣವನ್ನೂ ಬಯಲು ಮಾಡುತ್ತಾ ಹೋಗುತ್ತಾಳೆ. ನೂರ ಅರವತ್ತರಲ್ಲಿ ಬೆರಳೆತ್ತಿ ತೋರಿಸುತ್ತಾಳೆ. ಕೊಲೆಗಾರ ಮರುಮಾತಾಡದೆ ಒಪ್ಪಿಕೊಂಡು ತನ್ನ ಟೀ ಮುಗಿಸುತ್ತಾನೆ.

ರಟ್ಟಣ್ಣನನ್ನು ಹಿಡಿದುಹಾಕಿದ್ದು ಇದೇ. ಚಿಕ್ಕಮ್ಮನ ಹತ್ತಿರ ಪಿಸ್ತೂಲಿಲ್ಲ, ಡಿಗ್ರಿ ಇಲ್ಲ, ಮೊಣಕಾಲು ನೋವು ಬೇರೆ ಇದೆ. ಆದರೂ ಊರಿಗೆ ಊರೇ ಆಕೆಯ ಮುಂದೆ ಬಾಯಿ ಮುಚ್ಚಿಕೊಂಡು ಕೂರುತ್ತದೆ. ಆಕೆ ಗುಂಡಿ ಮಾರುತ್ತಾಳೆ, ನಾನು ರಟ್ಟು ಕಟ್ಟುತ್ತೇನೆ. ನನಗೂ ಎರಡು ಕಣ್ಣಿವೆ, ಮೊಣಕಾಲು ನೋವೂ ಇದೆ. ಮತ್ತೆ ನನಗೇನು ಕಡಿಮೆ ಎಂದು ಅವನು ತನ್ನನ್ನೇ ಕೇಳಿಕೊಂಡ. ಉತ್ತರ ಕೊಡಲು ಪಕ್ಕದಲ್ಲಿ ಹೆಂಡತಿ ಇರಲಿಲ್ಲವಾದ್ದರಿಂದ ಏನೂ ಕಡಿಮೆಯಿಲ್ಲ ಎಂದು ತೀರ್ಮಾನವಾಯಿತು.

ಈ ಪುಸ್ತಕಗಳನ್ನು ಅವನು ಓದುತ್ತಿದ್ದದ್ದು ಕೆಲಸದ ಹೊತ್ತಿನಲ್ಲೇ. ರಟ್ಟು ಕಟ್ಟುವುದರಲ್ಲಿ ಕೊನೆಯ ಹಂತ ಒಂದಿದೆ. ಎರಡಾಗಿ ಮಡಿಸಿದ ಖಾಲಿ ಹಾಳೆಯೊಂದನ್ನು ಪುಸ್ತಕದ ಕೊನೆಗೆ ಸೇರಿಸಬೇಕು. ಅದರ ಒಂದು ಅರ್ಧಕ್ಕೆ ಅಂಟು ಬಳಿದು ರಟ್ಟಿನ ಒಳಮೈಗೆ ಕೂರಿಸಬೇಕು. ಇನ್ನೊಂದು ಅರ್ಧ ಕೊನೆಯ ಪುಟದ ಎದುರಿಗೆ ಬಿಡಿಯಾಗಿ ನಿಲ್ಲಬೇಕು. ಆಮೇಲೆ ಭಾರ ಹೇರಿಟ್ಟರೆ ಮಾರನೆಯ ದಿನಕ್ಕೆ ಪುಸ್ತಕ ಕಲ್ಲಿನ ಹಾಗೆ ಗಟ್ಟಿ. ಈ ಹಂತಕ್ಕೆ ಬರುವ ಹೊತ್ತಿಗೆ ರಟ್ಟಣ್ಣನೂ ಕಥೆಯ ಕೊನೆಗೆ ಬಂದಿರುತ್ತಿದ್ದ. ಕಣ್ಣು ನೂರ ಅರವತ್ತನೆಯ ಪುಟದ ಮೇಲೆ, ಕೈಯಲ್ಲಿ ಅಂಟಿನ ಬ್ರಷ್ಷು. ಇಪ್ಪತ್ತೆಂಟು ವರ್ಷ ಪಳಗಿದ ಕೈ. ನೋಡದೆಯೂ ಕೆಲಸ ಮಾಡುತ್ತದೆ ಎಂದು ಅವನ ನಂಬಿಕೆ.

ಹೀಗಿರಲು ಒಂದು ಸೋಮವಾರ ಬೆಳಿಗ್ಗೆ ನಿವೃತ್ತ ಹೆಡ್ಮಾಸ್ತರು ಗ್ರಂಥಾಲಯಕ್ಕೆ ನುಗ್ಗಿದರು.

"ಯಾರ್ರೀ ಕೊಂದಿದ್ದು?" ಎಂದು ಗುಡುಗಿದರು.

ಪತ್ರಿಕೆ ಓದುತ್ತಿದ್ದ ನಾಲ್ವರು ತಲೆಯೆತ್ತಿದರು. ಲೈಬ್ರರಿಯನ್ ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು. "ಯಾರನ್ನ ಸಾರ್?"

"ಹಲ್ಲಿನ ಡಾಕ್ಟರನ್ನ! ಎರಡು ದಿನದಿಂದ ನನಗೆ ಊಟ ಸೇರ್ತಿಲ್ಲ. ಆಯಮ್ಮ ಎಲ್ಲರನ್ನೂ ಅಂಗಡಿಯಲ್ಲಿ ಕೂರಿಸಿದ್ದಾಳೆ. ಟೀ ಕೊಟ್ಟಿದ್ದಾಳೆ. ಎದ್ದು ನಿಂತು 'ಕೊಂದವರು ಬೇರೆ ಯಾರೂ ಅಲ್ಲ' ಅಂತಾಳೆ. ಹಾಳೆ ತಿರುಗಿಸಿದ್ರೆ ಬರೀ ಬಿಳಿ! ನೂರ ಐವತ್ತೊಂಬತ್ತು ಇದೆ, ನೂರ ಅರವತ್ತು ಇಲ್ಲ. ಏನ್ ಮೇಡಂ ಇದು?"

ಗಲಾಟೆ ಕೇಳಿ ರಟ್ಟಣ್ಣ ಬ್ರಷ್ಷು ಹಿಡಿದುಕೊಂಡೇ ಹೊರಗೆ ಬಂದ. "ಇಲ್ಲದೆ ಇರೋಕೆ ಸಾಧ್ಯವೇ ಇಲ್ಲ ಸಾರ್. ರಟ್ಟು ಕಟ್ಟಿದ ದಿನ ನಾನೇ ಆ ಪುಟ ಓದಿದ್ದೀನಿ. ಕೊಂದಿದ್ದು ಕಾಂಪೌಂಡರು."

"ಅಯ್ಯಯ್ಯೋ!" ಹೆಡ್ಮಾಸ್ತರು ಎರಡೂ ಕಿವಿ ಮುಚ್ಚಿಕೊಂಡರು. "ಹೇಳೇಬಿಟ್ರಲ್ರೀ! ನಾನು ದಾದಿ ಮೇಲೆ ಅನುಮಾನ ಇಟ್ಕೊಂಡು ಕೂತಿದ್ದೆ!"

ಮೇಡಂ ಕಪಾಟಿನಿಂದ ಗುಂಡಿ ಚಿಕ್ಕಮ್ಮನ ಪುಸ್ತಕಗಳನ್ನೆಲ್ಲ ಇಳಿಸಿ ನೋಡಿದರು. ಹೊಸದಾಗಿ ರಟ್ಟು ಕಟ್ಟಿದ ಹನ್ನೊಂದರಲ್ಲಿ ಹನ್ನೊಂದಕ್ಕೂ ನೂರ ಅರವತ್ತನೆಯ ಪುಟ ನಾಪತ್ತೆ. ಬೇರೆ ಪುಸ್ತಕಗಳನ್ನು ತೆರೆದರು. ಹೊಲಿಗೆ ಕಲಿಸುವ ಪುಸ್ತಕ, ಗಣಿತದ ಪುಸ್ತಕ, ಕೋಳಿ ಸಾಕಣೆಯ ಪುಸ್ತಕ, ಎಲ್ಲ ಮೊದಲಿಂದ ಕೊನೆಯವರೆಗೆ ಸುರಕ್ಷಿತ.

ರಟ್ಟಣ್ಣನ ತಲೆಯೊಳಗೆ ಏನೋ ಬೆಳಗಿತು. ಅವನು ಬ್ರಷ್ಷನ್ನೇ ಬೆರಳಿನಂತೆ ಎತ್ತಿ ಹೇಳಿದ: "ನೋಡಿ ಮೇಡಂ. ರಟ್ಟು ಕಟ್ಟುವಾಗ ಪುಟ ಇತ್ತು, ಅದಕ್ಕೆ ನಾನೇ ಸಾಕ್ಷಿ. ಈಗ ಇಲ್ಲ. ಕೋಳಿ ಸಾಕಣೆಯ ಪುಸ್ತಕ ಮುಟ್ಟಿಲ್ಲ. ಅಂದಮೇಲೆ ಈ ಕೆಲಸ ಮಾಡಿದೋರಿಗೆ ಗುಂಡಿ ಚಿಕ್ಕಮ್ಮ ಅಂದ್ರೆ ಹುಚ್ಚು. ಅವರು ದಿನಾ ಈ ಲೈಬ್ರರಿಗೆ ಬರೋರು. ನಮ್ಮ ಮಧ್ಯಾನೇ ಇದ್ದಾರೆ."

ಈ ತರ್ಕದಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ ಎಂಬುದನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

"ಕಮಿಟಿಗೆ ಬರೀತೀನಿ," ಎಂದರು ಮೇಡಂ.

"ಒಂದು ವಾರ ಟೈಮ್ ಕೊಡಿ ಮೇಡಂ. ನಾನೇ ಹಿಡಿದುಕೊಡ್ತೀನಿ."

"ನೀವಾ?"

ಆ ಒಂದು ಪದವನ್ನು ಅವರು ಹೇಳಿದ ರೀತಿ ಬೇರೆ ಯಾರಿಗಾದರೂ ಸಾಕಾಗುತ್ತಿತ್ತು. ಆದರೆ ಗುಂಡಿ ಚಿಕ್ಕಮ್ಮನಿಗೂ ಪ್ರತಿ ಪುಸ್ತಕದಲ್ಲಿ ಇನ್‌ಸ್ಪೆಕ್ಟರು ಹೀಗೆಯೇ ಕೇಳುತ್ತಾರೆಂಬುದು ನೆನಪಾಗಿ ರಟ್ಟಣ್ಣನ ಎದೆ ಇನ್ನಷ್ಟು ಉಬ್ಬಿತು.

ಅಂದು ಸಂಜೆಯೇ ಅವನು ಒಂದು ಪುಟ್ಟ ನೋಟ್‌ಬುಕ್ಕು ಕೊಂಡ. ಜೊತೆಗೆ ಒಂದು ಭೂತಕನ್ನಡಿ. ಇನ್ನೂ ಒಂದು ವಸ್ತು ಕೊಂಡ. ಅದೇನೆಂದು ಈಗ ಹೇಳಲು ನನಗೇ ನಾಚಿಕೆ, ಸಮಯ ಬಂದಾಗ ನೀವೇ ನೋಡುವಿರಂತೆ. ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಳು.

"ರೀ, ಹಣೆ ಮೇಲಿರೋ ಕನ್ನಡಕ ಹುಡುಕೋಕೆ ನನ್ನ ಕರೀತೀರ. ನಿಮಗ್ಯಾಕೆ ಈ ಉಸಾಬರಿ?"

"ನಿನಗೆ ಗೊತ್ತಾಗಲ್ಲ ಬಿಡು. ಇದಕ್ಕೆ ಒಳಗಣ್ಣು ಬೇಕು."

"ಹೊರಗಿರೋದನ್ನ ಮೊದಲು ತೊಳ್ಕೊಳ್ಳಿ. ರೆಪ್ಪೆಗೆಲ್ಲ ಅಂಟು ಮೆತ್ತಿದೆ."

ಹೆಂಡತಿಯ ತಮ್ಮ ಪೊಲೀಸು. ಅವನನ್ನೂ ರಟ್ಟಣ್ಣ ಬಿಡಲಿಲ್ಲ.

"ಭಾವ, ನಾನು ಸಿಗ್ನಲ್ಲಿನಲ್ಲಿ ನಿಲ್ಲೋನು," ಎಂದು ಆ ಬಡಪಾಯಿ ಕೈಮುಗಿದ. "ಕೆಂಪು ಬಂದ್ರೆ ನಿಲ್ಲಿಸ್ತೀನಿ, ಹಸಿರು ಬಂದ್ರೆ ಬಿಡ್ತೀನಿ. ಪುಟದ ಕೇಸೆಲ್ಲ ನನಗೆ ಬರಲ್ಲ."

"ನೀನೇನೂ ಮಾಡೋದು ಬೇಡ. ಶನಿವಾರ ಯೂನಿಫಾರ್ಮ್ ಹಾಕ್ಕೊಂಡು ಬಾಗಿಲಲ್ಲಿ ನಿಂತ್ಕೋ. ಪ್ರತಿ ಪುಸ್ತಕದಲ್ಲೂ ಒಬ್ಬ ಪೊಲೀಸ್ ಇರ್ತಾನೆ."

"ಏನ್ ಮಾಡ್ತಾನೆ ಅವನು?"

"ತಪ್ಪು ಮಾಡ್ತಾನೆ."

ತನಿಖೆ ಭರದಿಂದ ಸಾಗಿತು. ರಟ್ಟಣ್ಣ ಕಪಾಟುಗಳ ಸಂದಿಯಲ್ಲಿ ನಿಂತು ಓದುಗರನ್ನು ಗಮನಿಸಿದ. ಇಬ್ಬರು ಹೆಂಗಸರು ಮೇಡಂಗೆ ದೂರು ಕೊಟ್ಟರು. ಹೆಡ್ಮಾಸ್ತರ ಹಿಂದೆ ಅವರ ಮನೆಯವರೆಗೂ ನಡೆದ, ಅವರು ಗೇಟಿನಲ್ಲಿ ತಿರುಗಿ "ಏನಾದ್ರೂ ಬೇಕಿತ್ತಾ?" ಎಂದಾಗ "ವಾಕಿಂಗು" ಎಂದ. ಮೂರನೆಯ ದಿನ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ರಿಜಿಸ್ಟರನ್ನು ತಿರುವಿ ಹಾಕಿದಾಗ ಅವನ ಮೈ ಜುಮ್ಮೆಂದಿತು. ಹನ್ನೊಂದು ಪುಸ್ತಕಗಳನ್ನೂ ರಟ್ಟು ಕಟ್ಟಿದ ಕೂಡಲೇ ಮೊದಲು ಒಯ್ದವರು ಒಬ್ಬರೇ: ಟೆಲಿಫೋನಮ್ಮ.

ಟೆಲಿಫೋನಮ್ಮನಿಗೆ ಎಪ್ಪತ್ತನಾಲ್ಕು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಕೂತು ಊರಿನ ಮಾತುಗಳನ್ನೆಲ್ಲ ಆ ಕಡೆಯಿಂದ ಈ ಕಡೆಗೆ ಜೋಡಿಸಿ ನಿವೃತ್ತರಾದವರು. ಗ್ರಂಥಾಲಯ ಶುರುವಾದಾಗಿನಿಂದ ಸದಸ್ಯರು. ಗಂಡ ಹೋದ ಮೇಲೆ ಒಬ್ಬರೇ ಇರುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ ಬಂದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತರೆ ಮತ್ತೆ ಏಳುವುದು ಸಂಜೆಗೆ. ಆ ಕುರ್ಚಿ, ಒಂದು ದೊಡ್ಡ ಬಟ್ಟೆಯ ಚೀಲ, ಗುಂಡಿ ಚಿಕ್ಕಮ್ಮ, ಇಷ್ಟೇ ಅವರ ದಿನ.

ರಟ್ಟಣ್ಣ ಆ ಚೀಲವನ್ನು ದೂರದಿಂದ ಪರಿಶೀಲಿಸಿದ. ಪುಸ್ತಕ ಮುಗಿಸಿದಾಗೆಲ್ಲ ಅವರು ಅದರಿಂದ ಒಂದು ನೋಟ್‌ಬುಕ್ಕು ತೆಗೆದು ಏನೋ ಗೀಚಿ ಒಳಗಿಡುತ್ತಿದ್ದರು. ಒಂದು ದಿನ ಒಂದು ಪುಟ್ಟ ಕತ್ತರಿಯೂ ಹೊರಬಂದು ಒಳಗೆ ಹೋಯಿತು. ಕತ್ತರಿ! ಎಲ್ಲಕ್ಕಿಂತ ಮುಖ್ಯವಾದ ಸುಳಿವು ಇನ್ನೊಂದಿತ್ತು. ಹನ್ನೊಂದು ಪುಸ್ತಕಗಳನ್ನು ಕೊನೆಯಿಲ್ಲದೆ ಓದಿಯೂ ಈ ಅಮ್ಮ ಒಂದು ಸಲವೂ ದೂರು ಕೊಟ್ಟಿರಲಿಲ್ಲ. ದೂರದ ಕುರ್ಚಿಯಲ್ಲಿ ಹೆಡ್ಮಾಸ್ತರು ಕೂದಲು ಕಿತ್ತುಕೊಳ್ಳುವಾಗಲೂ ಇವರು ಕಿಟಕಿಯ ಬೆಳಕಿಗೆ ಪುಸ್ತಕ ಹಿಡಿದು ಸುಮ್ಮನೆ ನಗುತ್ತಿದ್ದರು.

ರಟ್ಟಣ್ಣ ಚಿಕ್ಕಮ್ಮನ ಧಾಟಿಯಲ್ಲಿ, ಏನೂ ಗೊತ್ತಿಲ್ಲದವನಂತೆ, ಪಕ್ಕದಲ್ಲಿ ಹೋಗಿ ನಿಂತ. "ಅಮ್ಮಾ, ಹೋದ ವಾರದ ಪುಸ್ತಕ ಹೇಗಿತ್ತು?"

"ಚೆನ್ನಾಗಿತ್ತು."

"ಕೊನೆ?"

ಟೆಲಿಫೋನಮ್ಮ ಕನ್ನಡಕದ ಮೇಲಿಂದ ಅವನನ್ನು ನೋಡಿದರು. ಬಹಳ ಹೊತ್ತು ನೋಡಿದರು. "ಕೊನೆ ಇನ್ನೂ ಚೆನ್ನಾಗಿತ್ತು," ಎಂದರು. ಆಮೇಲೆ ದನಿ ತಗ್ಗಿಸಿ, "ರಟ್ಟಣ್ಣ, ಅಂಟು ಸ್ವಲ್ಪ ನೋಡ್ಕೊಂಡು ಹಚ್ಚಿ ಆಯ್ತಾ?" ಎಂದರು.

ರಟ್ಟಣ್ಣ ಒಳಗೆ ಹೋಗಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ: 'ಮಾತು ಮರೆಸುವ ಪ್ರಯತ್ನ.'

ಶನಿವಾರ ನಾಲ್ಕು ಗಂಟೆಗೆ ಓದುವ ಕೋಣೆಯಲ್ಲಿ ಎಲ್ಲರೂ ಸೇರಿದರು. ಮೇಡಂ, ಹೆಡ್ಮಾಸ್ತರು, ಪತ್ರಿಕೆಯ ನಾಲ್ವರು, ಇನ್ನು ಹತ್ತು ಹನ್ನೆರಡು ಸದಸ್ಯರು. ಟೀ ಬಿಸ್ಕತ್ತು ಇದೆಯೆಂದು ಸೂಚನಾ ಫಲಕದಲ್ಲಿ ಬರೆದಿದ್ದರಿಂದ ಜೀವಮಾನದಲ್ಲಿ ಪುಸ್ತಕ ಮುಟ್ಟದ ಮೂವರು ಕೂಡ ಬಂದಿದ್ದರು. ಹೆಂಡತಿ ಕೊನೆಯ ಸಾಲಿನಲ್ಲಿ ತಲೆತಗ್ಗಿಸಿ ಕೂತಿದ್ದಳು. ಭಾವಮೈದ ಬಾಗಿಲಲ್ಲಿ ನಿಂತು, ಒಳಗೆ ಬರುವವರಿಗೆ ಅಭ್ಯಾಸಬಲದಿಂದ ಕೈ ತೋರಿಸಿ ಎಡಕ್ಕೆ ಹೋಗಿ, ಬಲಕ್ಕೆ ಹೋಗಿ ಎನ್ನುತ್ತಿದ್ದ. ಟೆಲಿಫೋನಮ್ಮ ತಮ್ಮ ಕಿಟಕಿ ಕುರ್ಚಿಯಲ್ಲೇ ಇದ್ದರು.

ರಟ್ಟಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಎಲ್ಲರ ಕೈಗೂ ಟೀ ಬಂದದ್ದನ್ನು ನೋಡಿಕೊಂಡು ಗಂಟಲು ಸರಿಮಾಡಿಕೊಂಡ.

"ಈ ಕೋಣೆಯಲ್ಲಿ ಇರೋ ಒಬ್ಬರು," ಎಂದು ಶುರುಮಾಡಿದ, "ಹನ್ನೊಂದು ಪುಟ ಕದ್ದಿದ್ದಾರೆ. ಮೊದಲು ನನ್ನ ಅನುಮಾನ ಹೆಡ್ಮಾಸ್ತರ ಮೇಲೆ ಹೋಯ್ತು."

"ಏನಂದ್ರಿ?" ಹೆಡ್ಮಾಸ್ತರ ಬಿಸ್ಕತ್ತು ಟೀಗೆ ಬಿತ್ತು.

"ಆಮೇಲೆ ಮೇಡಂ ಮೇಲೆ ಹೋಯ್ತು. ಬೀಗದ ಕೈ ಅವರ ಹತ್ರಾನೇ ಇರುತ್ತೆ."

"ರಟ್ಟಣ್ಣ!"

"ಆದ್ರೆ ಅವರು ಯಾರೂ ಅಲ್ಲ." ಚಿಕ್ಕಮ್ಮ ನಿಲ್ಲಿಸುವಂತೆ ಅವನು ಇಲ್ಲಿ ಕೊಂಚ ನಿಲ್ಲಿಸಿದ. "ರಿಜಿಸ್ಟರ್ ನೋಡಿ. ಹನ್ನೊಂದು ಸಲವೂ ಮೊದಲು ಪುಸ್ತಕ ತಗೊಂಡೋರು ಒಬ್ಬರೇ. ಕತ್ತರಿ ಇಟ್ಕೊಂಡು ಓಡಾಡೋರು ಒಬ್ಬರೇ. ಪುಟ ಇಲ್ಲ ಅಂತ ಒಂದು ಮಾತೂ ಆಡದೆ ಇರೋರು ಒಬ್ಬರೇ!" ಎಂದವನೇ ಬೆರಳೆತ್ತಿ ಕಿಟಕಿಯ ಕಡೆ ತೋರಿಸಿದ.

ಇಪ್ಪತ್ತಕ್ಕೂ ಹೆಚ್ಚು ತಲೆಗಳು ಕಿಟಕಿಯ ಕಡೆ ತಿರುಗಿದವು. ಪುಸ್ತಕದಲ್ಲಾದರೆ ಈ ಹೊತ್ತಿಗೆ ಅಪರಾಧಿ ಒಪ್ಪಿಕೊಂಡು ಟೀ ಕುಡಿಯಬೇಕು. ಟೆಲಿಫೋನಮ್ಮ ಒಪ್ಪಿಕೊಳ್ಳಲೂ ಇಲ್ಲ, ಟೀ ಮುಟ್ಟಲೂ ಇಲ್ಲ. ಮುಂದೇನು ಮಾಡಬೇಕೆಂದು ಯಾವ ಪುಸ್ತಕದಲ್ಲೂ ಇಲ್ಲದಿದ್ದರಿಂದ ರಟ್ಟಣ್ಣನಿಗೆ ಕೈಕಾಲು ಆಡದಾಯಿತು. ಆ ಗಾಬರಿಯಲ್ಲಿ ಅವನು ಮಾಡಿದ ಕೆಲಸವನ್ನು ಮುಂದೆ ಎಷ್ಟೋ ದಿನ ಊಟದ ತಟ್ಟೆಯ ಮುಂದೆ, ಬಚ್ಚಲಲ್ಲಿ, ಬಸ್ಸಿನಲ್ಲಿ ನೆನೆದು ನೆನೆದು ಕಣ್ಣು ಮುಚ್ಚಿಕೊಂಡ. ಅವನು ನೇರ ನಡೆದು ಹೋಗಿ ಅವರ ಮಡಿಲಲ್ಲಿದ್ದ ಚೀಲ ಎತ್ತಿಕೊಂಡು, ಎಲ್ಲರ ಮುಂದೆ ಮೇಜಿನ ಮೇಲೆ ಸುರಿದುಬಿಟ್ಟ.

ಪುಟಗಳು ಬೀಳಲಿಲ್ಲ. ಕತ್ತರಿ ಬಿತ್ತು, ಅದರ ಜೊತೆಗೆ ಮಾತ್ರೆಯ ಪಟ್ಟಿಗಳು ಬಿದ್ದವು; ಬೆರಳು ನಡುಗುವುದರಿಂದ ಮಾತ್ರೆಗಳನ್ನು ಅವರು ಕತ್ತರಿಸಿಯೇ ತೆಗೆಯಬೇಕಿತ್ತು. ಕಾಗದದಲ್ಲಿ ಸುತ್ತಿದ ಅರ್ಧ ಬಿಸ್ಕತ್ತು ಬಿತ್ತು. ನಿಂತುಹೋದ ಒಂದು ಗಂಡಸರ ಕೈಗಡಿಯಾರ ಬಿತ್ತು. ಡಬ್ಬಿಯಲ್ಲಿದ್ದ ಹಲ್ಲಿನ ಸೆಟ್ಟು ಬಿತ್ತು. ಕೊನೆಯಲ್ಲಿ, ವಯಸ್ಸಾದವರು ಮನೆಯಿಂದ ಬಹಳ ಹೊತ್ತು ಹೊರಗಿರುವಾಗ ಇಟ್ಟುಕೊಳ್ಳುವಂಥ, ಅಚ್ಚುಕಟ್ಟಾಗಿ ಮಡಿಸಿದ ಒಂದು ಒಳಬಟ್ಟೆ ಬಿತ್ತು. ಟೆಲಿಫೋನಮ್ಮ ಕೈಚಾಚಿ ಅದರ ಮೇಲೆ ಅಂಗೈ ಇಟ್ಟು ಮುಚ್ಚಿದರು.

ರಟ್ಟಣ್ಣ ಅಲ್ಲಿಗೇ ನಿಲ್ಲಿಸಿದ್ದರೆ ಅರ್ಧ ಮರ್ಯಾದೆಯಾದರೂ ಉಳಿಯುತ್ತಿತ್ತು. ಆದರೆ ರಾಶಿಯಲ್ಲಿ ಅವನಿಗೆ ಆ ನೋಟ್‌ಬುಕ್ಕು ಕಂಡಿತು.

"ಇದರಲ್ಲಿದೆ ಎಲ್ಲ!" ಎಂದು ತೆರೆದು ಗಟ್ಟಿಯಾಗಿ ಓದತೊಡಗಿದ. "'ಮೊದಲನೇ ಪುಸ್ತಕ. ಕೊಂದವನು ತೋಟದ ಮಾಲಿ ಅನಿಸುತ್ತೆ. ಎರಡನೇ ಪುಸ್ತಕ. ಅತ್ತಿಗೆ ಇರಬಹುದು, ಇಲ್ಲದಿದ್ದರೆ ಅಡುಗೆಯವಳು.'"

"ತಡೀರಿ," ಎಂದರು ಹೆಡ್ಮಾಸ್ತರು. "ಪುಟ ಅವರ ಹತ್ರಾನೇ ಇದ್ರೆ 'ಅನಿಸುತ್ತೆ', 'ಇರಬಹುದು' ಅಂತ ಯಾಕೆ ಬರೀತಾರೆ?"

"ನಮ್ಮ ದಿಕ್ಕು ತಪ್ಪಿಸೋಕೆ ಸಾರ್! ಇಲ್ಲಿ ನೋಡಿ, ಪುಟದ ವಿಷಯಾನೇ ಬರೆದಿದ್ದಾರೆ. ಕೇಳಿ ಎಲ್ಲರೂ!" ರಟ್ಟಣ್ಣನ ದನಿ ಏರಿತು. "'ನೂರ ಅರವತ್ತನೇ ಪುಟ ಯಾರೂ ಕದ್ದಿಲ್ಲ. ಅದು ನೂರ ಐವತ್ತೊಂಬತ್ತರ ಬೆನ್ನಿಗೇ ಇರಬೇಕಲ್ಲ, ಒಂದು ಮಗ್ಗುಲು ಬಿಟ್ಟು ಇನ್ನೊಂದು ಮಗ್ಗುಲು ಹೇಗೆ ಕದಿಯೋದು? ಖಾಲಿ ಹಾಳೆ ಅಂಟಿಕೊಂಡಿದೆ. ಕಿಟಕಿ ಬೆಳಕಿಗೆ ಹಿಡಿದರೆ ಅಕ್ಷರ ಕಾಣುತ್ತೆ. ಇದನ್ನ ಮಾಡಿದವರು...'"

ದನಿ ನಿಂತಿತು.

"ಮಾಡಿದವರು?" ಎಂದರು ಹೆಡ್ಮಾಸ್ತರು.

"ಮಾಡಿದವರು?" ಎಂದರು ಪತ್ರಿಕೆಯ ನಾಲ್ವರು.

ರಟ್ಟಣ್ಣನ ಬಾಯಿ ತೆರೆದಿತ್ತು, ಮಾತು ಮಾತ್ರ ಬರುತ್ತಿರಲಿಲ್ಲ. ಭಾವನಿಗೆ ಏನೋ ಆಯಿತೆಂದು ಪೊಲೀಸು ಓಡಿಬಂದ. ನೋಟ್‌ಬುಕ್ಕನ್ನು ಅವನ ಕೈಯಿಂದ ತೆಗೆದುಕೊಂಡು, ನಾಲ್ಕು ರಸ್ತೆ ಕೂಡುವಲ್ಲಿ ನಿಂತು ಲಾರಿಗಳನ್ನು ಗದರಿಸುವ ಅದೇ ಗಂಟಲಿನಲ್ಲಿ, ಅರ್ಥದ ಕಡೆ ಗಮನವಿಲ್ಲದೆ ಓದಿಬಿಟ್ಟ:

"'ಇದನ್ನ ಮಾಡಿದವರು ರಟ್ಟಣ್ಣ. ಕಥೆ ಓದುತ್ತಾ ಅಂಟು ಹಚ್ಚುತ್ತಾರೆ, ಪಾಪ. ಯಾರಿಗೂ ಹೇಳಬಾರದು. ಹಿಂದಿನ ಬೈಂಡರನ್ನ ಒಂದು ಹೊಲಿಗೆ ತಪ್ಪಿದ್ದಕ್ಕೆ ಕಮಿಟಿಯವರು ಮನೆಗೆ ಕಳಿಸಿದ್ರು.' ಭಾವ, ತಾರೀಖು ಐದು ತಿಂಗಳ ಹಿಂದಿಂದು."

ಹೆಡ್ಮಾಸ್ತರು ಒಂದು ಪುಸ್ತಕ ಎತ್ತಿಕೊಂಡು ಕಿಟಕಿಗೆ ಹೋಗಿ ಕೊನೆಯ ಹಾಳೆಯನ್ನು ಬೆಳಕಿಗೆ ಹಿಡಿದರು. ಒಳಗಿನಿಂದ ಮಸುಕಾಗಿ ಇಡೀ ನೂರ ಅರವತ್ತನೆಯ ಪುಟ ಅವರನ್ನು ನೋಡಿತು. ಕೈಗಳು ಪಳಗಿದ್ದವು ನಿಜ. ಅವು ನೋಡದೆಯೇ ಹನ್ನೊಂದು ಸಲ, ರಟ್ಟಿನ ಕಡೆಗೆ ಬಳಿದ ಮೇಲೆ, ಕಣ್ಣಿನ ಎದುರಿಗಿದ್ದ ಬಿಡಿ ಹಾಳೆಗೂ ಅಂಟು ಬಳಿದಿದ್ದವು. ಕೋಳಿ ಸಾಕಣೆ ಬಚಾವಾದದ್ದು ಅದನ್ನು ಅವನು ಓದದೆ ಇದ್ದದ್ದರಿಂದ.

ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎಂದು ರಟ್ಟಣ್ಣನಿಗೆ ಅನಿಸಿತು. ಗ್ರಂಥಾಲಯದ ನೆಲ ಸಿಮೆಂಟಿನದು, ಬಾಯಿ ಬಿಡಲಿಲ್ಲ. ಅವನು ನಿಂತಲ್ಲೇ ನಿಲ್ಲಬೇಕಾಯಿತು. 'ಪಾಪ' ಎಂದು ಬರೆದಿದ್ದರಲ್ಲ, ಆ ಒಂದು ಪದ ಅವನ ಕೆನ್ನೆಗೆ ಹೊಡೆದ ಹಾಗಿತ್ತು. ಕೆಲಸ ಹೇಗಿದ್ದರೂ ಹೋಗುತ್ತದೆ ಎಂಬ ಭಯ ಕೂಡ ಆ ನಾಚಿಕೆಯ ಕೆಳಗೆ ಸಿಕ್ಕಿ ಉಸಿರೆತ್ತಲಿಲ್ಲ.

ಟೆಲಿಫೋನಮ್ಮ ತಮ್ಮ ಸಾಮಾನುಗಳನ್ನು ಒಂದೊಂದಾಗಿ ಚೀಲಕ್ಕೆ ತುಂಬತೊಡಗಿದರು. ಮಾತ್ರೆಗಳು ಬೆರಳಿಂದ ಜಾರುತ್ತಿದ್ದವು. ಯಾರಿಗೂ ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ಕೊನೆಯ ಸಾಲಿನಿಂದ ರಟ್ಟಣ್ಣನ ಹೆಂಡತಿ ಎದ್ದು ಬಂದು, ಗಂಡನನ್ನು ಕುರ್ಚಿ ಸರಿಸುವ ಹಾಗೆ ಪಕ್ಕಕ್ಕೆ ಸರಿಸಿ, ಮಾತಿಲ್ಲದೆ ಜೊತೆಗೆ ತುಂಬಿಸಿದಳು. ಚೀಲದ ಬಾಯಿ ಕಟ್ಟಿದ ಮೇಲೆ ಟೆಲಿಫೋನಮ್ಮ ತಮ್ಮ ಸದಸ್ಯತ್ವದ ಕಾರ್ಡನ್ನು ಮೇಡಂ ಮೇಜಿನ ಮೇಲಿಟ್ಟರು. "ಇನ್ನು ಬರಲ್ಲ ಮೇಡಂ," ಎಂದರು. ರಟ್ಟಣ್ಣನ ಕಡೆ ತಿರುಗಿ ನೋಡಲೂ ಇಲ್ಲ.

ಅವನ ಕೆಲಸ ಹೋಗಲಿಲ್ಲ. ಕಮಿಟಿಗೆ ಬರೆದರೆ ಟೀ ಬಿಸ್ಕತ್ತಿಗೆ ಒಪ್ಪಿಗೆ ಕೊಟ್ಟವರು ಯಾರು ಎಂಬ ಪ್ರಶ್ನೆಯೂ ಬರುತ್ತಿತ್ತು, ಮೇಡಂ ಬರೆಯಲಿಲ್ಲ. ಹನ್ನೊಂದು ಪುಸ್ತಕಗಳನ್ನೂ ಒದ್ದೆ ಬಟ್ಟೆಯಿಂದ ನೆನೆಸಿ, ಅಕ್ಷರ ಕಿತ್ತು ಬರದ ಹಾಗೆ ಬಿಡಿಸಿಕೊಡಬೇಕು, ಇನ್ನು ಮೇಲೆ ಕೆಲಸದ ಹೊತ್ತಿನಲ್ಲಿ ಏನನ್ನೂ ಓದಬಾರದು ಎಂದು ಅಪ್ಪಣೆಯಾಯಿತು. ಪಾಲಿಸುತ್ತಾನೋ ಇಲ್ಲವೋ ನೋಡಲು ಹೆಡ್ಮಾಸ್ತರು ದಿನಕ್ಕೆ ಮೂರು ಸಲ ಹಿಂದಿನ ಕೋಣೆಗೆ ಇಣುಕುತ್ತಿದ್ದರು. ಬೀದಿಯಲ್ಲಿ ಕ್ಷೌರದವನು "ಪತ್ತೇದಾರ್ರೇ, ನಮ್ಮ ಬಾಚಣಿಗೆ ಕಾಣ್ತಿಲ್ಲ, ಎಲ್ಲರಿಗೂ ಟೀ ಹೇಳ್ಲಾ?" ಎಂದ. ಎದುರುಮನೆಯಾಕೆ ಅವನು ಹಾದುಹೋಗುವಾಗ ತನ್ನ ಚೀಲವನ್ನು ಎದೆಗೆ ಅವಚಿಕೊಂಡಳು, ನಗಿಸಲೆಂದೇ. ಇವೆಲ್ಲ ಅವನಿಗೆ ತಗಲುತ್ತಿರಲಿಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಕಿಟಕಿಯ ಪಕ್ಕದ ಕುರ್ಚಿ ಖಾಲಿ ಇರುತ್ತಿತ್ತಲ್ಲ, ಅದನ್ನು ನೋಡಲಾರದೆ ಅವನು ಹಿಂದಿನ ಬಾಗಿಲಿಂದ ಓಡಾಡತೊಡಗಿದ.

ಕೊನೆಗೆ ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರ ಮನೆಗೆ ಹೋಗಿ ಬಾಗಿಲು ತಟ್ಟಿದ.

"ಯಾರು?"

"ನಾನು ಅಮ್ಮಾ, ರಟ್ಟಣ್ಣ."

"ರಾಂಗ್ ನಂಬರ್," ಎಂದಿತು ಒಳಗಿನ ದನಿ.

ಮಾರನೆಯ ದಿನ ಮತ್ತೆ ಹೋದ. "ಲೈನ್ ಬಿಜಿ ಇದೆ." ಮೂರನೆಯ ದಿನ ಅವನು ತಟ್ಟಲಿಲ್ಲ, ಮೆಟ್ಟಿಲ ಮೇಲೆ ಕೂತ. ಅರ್ಧ ಗಂಟೆಯಾದ ಮೇಲೆ ಬಾಗಿಲು ತೆರೆಯಿತು.

ಮನೆ ಎಂದರೆ ಒಂದು ಕೋಣೆ, ಒಂದು ಮೇಜು, ಎರಡು ಕುರ್ಚಿ. ರಟ್ಟಣ್ಣ ಕೂರಲಿಲ್ಲ. "ತಪ್ಪಾಯ್ತು ಅಮ್ಮಾ," ಎಂದ.

"ಯಾವುದು ತಪ್ಪಾಯ್ತು? ಅಂಟಾ, ಚೀಲಾನಾ?"

"ಚೀಲ ಅಮ್ಮಾ."

"ಹೂಂ." ಅವರು ಒಂದು ಕುರ್ಚಿ ಎಳೆದುಕೊಂಡು ಕೂತರು. "ಅಂಟಿಗೆ ನನಗೇನೂ ಬೇಜಾರಿರಲಿಲ್ಲ. ಕೊನೇ ಪುಟ ಇಲ್ಲದೆ ಇದ್ದಿದ್ದಕ್ಕೇ ನಾನು ತಲೆ ಓಡಿಸೋದು ಕಲಿತೆ. ಬೆಳಕಿಗೆ ಹಿಡಿದು ನೋಡ್ತಿದ್ದದ್ದು ನನ್ನ ಊಹೆ ಬರೆದಿಟ್ಟ ಮೇಲೇನೇ. ಆದ್ರೆ ಆ ಬಟ್ಟೆ ಎಲ್ಲರೂ ನೋಡಿದ್ರು ರಟ್ಟಣ್ಣ. ಹೆಡ್ಮಾಸ್ತರೂ ನೋಡಿದ್ರು. ಇನ್ನು ಆ ಕುರ್ಚಿಯಲ್ಲಿ ನಾನು ಹೇಗೆ ಕೂರಲಿ, ಹೇಳಿ?"

ರಟ್ಟಣ್ಣನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈಯೆತ್ತಿದಾಗ ಹೆಗಲಿನ ಚೀಲ ಜಾರಿತು. ಟೆಲಿಫೋನಮ್ಮ ಅದನ್ನು ನೋಡಿದರು.

"ಸುರೀರಿ," ಎಂದರು.

"ಅಮ್ಮಾ?"

"ನಿಮ್ಮ ಚೀಲ. ಮೇಜಿನ ಮೇಲೆ ಸುರೀರಿ."

ಅವನಿಗೆ ಆ ಕ್ಷಣಕ್ಕೆ ಚೀಲದಲ್ಲಿ ಏನೇನಿದೆ ಎಂಬುದು ನೆನಪಾಗಿ ಕಿವಿ ಕೆಂಪಗಾಯಿತು. ಆದರೂ ಸುರಿದ. ಊಟದ ಡಬ್ಬಿ ಬಿತ್ತು. ಅಂಟು ಒಣಗಿದ ಬ್ರಷ್ಷು ಬಿತ್ತು. ಪುಟ್ಟ ನೋಟ್‌ಬುಕ್ಕು ಬಿತ್ತು, ಭೂತಕನ್ನಡಿ ಬಿತ್ತು. ಅದರ ಬೆನ್ನಿಗೆ, ನಾನು ಹೇಳಲು ನಾಚಿದ ಆ ವಸ್ತು ಬಿತ್ತು: ಒಂದು ಅಂಟಿಸುವ ಮೀಸೆ.

ಟೆಲಿಫೋನಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿಕೊಂಡರು. "ಇದ್ಯಾಕೆ?"

"ಗುರುತು ಸಿಗಬಾರದು ಅಂತ ಅಮ್ಮಾ. ಹಾಕ್ಕೊಂಡು ಲೈಬ್ರರಿಗೆ ಹೋದೆ. ಮೇಡಂ 'ರಟ್ಟಣ್ಣ, ಮೂಗಿನ ಕೆಳಗೆ ಏನೋ ಅಂಟಿದೆ' ಅಂದ್ರು."

ಟೆಲಿಫೋನಮ್ಮ ತುಟಿ ಕಚ್ಚಿಕೊಂಡರು. ಭುಜ ಅಲುಗಿತು. ಹಲ್ಲಿನ ಸೆಟ್ಟು ಕಳಚದಂತೆ ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. ರಟ್ಟಣ್ಣ ತಲೆ ತಗ್ಗಿಸಿಕೊಂಡು ನಿಂತೇ ಇದ್ದ. ನಗು ಮುಗಿದ ಮೇಲೆ ಅವರು ಅವನ ನೋಟ್‌ಬುಕ್ಕು ತೆರೆದರು. ಮೊದಲ ಹಾಳೆಯಲ್ಲಿ 'ಶಂಕಿತರ ಪಟ್ಟಿ' ಎಂದು ದಪ್ಪಕ್ಷರದಲ್ಲಿತ್ತು.

"'ಒಂದು, ಹೆಡ್ಮಾಸ್ತರು. ಎರಡು, ಮೇಡಂ. ಮೂರು, ಹೆಂಡತಿ. ಪತ್ತೇದಾರಿ ಪುಸ್ತಕ ಕಂಡರಾಗದು. ನಾನು ಮನೆಗೆ ತಂದಾಗ ಕಿತ್ತಿರಬಹುದು. ಬಲವಾದ ಅನುಮಾನ. ನಾಲ್ಕು, ಲೈಬ್ರರಿಯ ಬೆಕ್ಕು. ಆದರೆ ಪುಟದ ಸಂಖ್ಯೆ ಓದಲು ಬಾರದು.'" ಅವರು ಕನ್ನಡಕ ತೆಗೆದರು. "ಹೆಂಡತಿ ಮೇಲೂ ಅನುಮಾನ ಪಟ್ರಾ? ಅವತ್ತು ಎದ್ದು ಬಂದು ನನ್ನ ಮಾತ್ರೆ ಎತ್ತಿಕೊಟ್ಟಿದ್ದು ಅವರೊಬ್ಬರೇ. ಅವರಿಗೆ ಇದು ಗೊತ್ತಾ?"

"ಇಲ್ಲ ಅಮ್ಮಾ."

ಟೆಲಿಫೋನಮ್ಮ ನೋಟ್‌ಬುಕ್ಕು ಮುಚ್ಚಿ ಅವನ ಕೈಗೆ ಕೊಟ್ಟರು. "ಮೂವತ್ತೊಂದು ವರ್ಷ ಎಕ್ಸ್‌ಚೇಂಜಿನಲ್ಲಿ ಕೂತಿದ್ದೆ. ಯಾರ್ಯಾರ ಮನೇಲಿ ಏನೇನು ಅಂತ ಈ ಕಿವಿಗೆ ಎಲ್ಲ ಬಿದ್ದಿದೆ. ನಾನು ಹೇಳಲ್ಲ, ಹೋಗಿ."

ಬೈದಿದ್ದರೆ ಅವನು ಸಹಿಸಿಕೊಳ್ಳುತ್ತಿದ್ದ. ಎರಡನೆಯ ಸಲವೂ ತನ್ನ ಮಾನವನ್ನು ಈ ಅಮ್ಮನೇ ಮುಚ್ಚಿಡುತ್ತಾರಲ್ಲ ಎಂದು ಅವನಿಗೆ ದಾರಿಯುದ್ದಕ್ಕೂ ತಲೆಯೆತ್ತಲಾಗಲಿಲ್ಲ. ಸಂಜೆ ಮನೆಗೆ ಹೋದವನು ಚಪ್ಪಲಿ ಬಿಡುವ ಮುಂಚೆಯೇ ನೋಟ್‌ಬುಕ್ಕನ್ನು ಹೆಂಡತಿಯ ಮುಂದಿಟ್ಟ. "ಓದು," ಎಂದ. "ಮೂರನೇದು ನೀನು. ಟೆಲಿಫೋನಮ್ಮ ನೋಡಿದ್ರು. ಯಾರಿಗೂ ಹೇಳಲ್ಲ ಅಂದ್ರು. ನಾನೇ ಹೇಳ್ತಿದ್ದೀನಿ."

ಹೆಂಡತಿ ಓದಿದಳು. ಮತ್ತೊಂದು ಸಲ ಓದಿದಳು. ರಟ್ಟಣ್ಣ ಬಾಗಿಲ ಹತ್ತಿರವೇ ನಿಂತಿದ್ದ. ಹಾರಿ ಬರುವ ವಸ್ತುಗಳಿಂದ ತಪ್ಪಿಸಿಕೊಳ್ಳಲು ಅದೇ ಅನುಕೂಲದ ಜಾಗ.

"ಬೆಕ್ಕಿಗಿಂತ ಒಂದು ಸ್ಥಾನ ಮೇಲಿದ್ದೀನಿ," ಎಂದಳು ಕೊನೆಗೆ. "ಅಷ್ಟಾದರೂ ಕೊಟ್ರಲ್ಲ." ನೋಟ್‌ಬುಕ್ಕನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. "ಆ ಅಮ್ಮನ ಮನೆ ಎಲ್ಲಿ ಅಂತ ಹೇಳಿ. ನಾಳೆ ನಾನು ಹೋಗ್ಬೇಕು. ಶಂಕಿತರು ಶಂಕಿತರು ಮಾತಾಡೋದಿದೆ."

ಅವರು ಏನು ಮಾತಾಡಿದರೋ ರಟ್ಟಣ್ಣನಿಗೆ ತಿಳಿಯಲಿಲ್ಲ, ಕೇಳುವ ಮುಖವೂ ಅವನಿಗಿರಲಿಲ್ಲ. ಆದರೆ ಸೋಮವಾರ ಬೆಳಿಗ್ಗೆ ಹತ್ತಕ್ಕೆ, ಹಿಂದಿನ ಕೋಣೆಯಲ್ಲಿ ಕೋಳಿ ಸಾಕಣೆಯ ಎರಡನೆಯ ಭಾಗಕ್ಕೆ ರಟ್ಟು ಕಟ್ಟುತ್ತಾ ಕೂತಿದ್ದಾಗ, ಓದುವ ಕೋಣೆಯಲ್ಲಿ ಕುರ್ಚಿ ಎಳೆದ ಸದ್ದಾಯಿತು. ಅದರ ಪಕ್ಕದಲ್ಲೇ ಇನ್ನೊಂದು ಕುರ್ಚಿಯ ಸದ್ದು. ಬಾಗಿಲ ಸಂದಿಯಿಂದ ನೋಡಿದ. ಕಿಟಕಿಯ ಪಕ್ಕದಲ್ಲಿ ಟೆಲಿಫೋನಮ್ಮ ಕೂತಿದ್ದರು. ಅವರಿಗೂ ಹೆಡ್ಮಾಸ್ತರಿಗೂ ನಡುವೆ ಗೋಡೆಯ ಹಾಗೆ ಅವನ ಹೆಂಡತಿ, ಪತ್ತೇದಾರಿ ಪುಸ್ತಕ ಕಂಡರಾಗದವಳು, ಹನ್ನೆರಡನೆಯ ಗುಂಡಿ ಚಿಕ್ಕಮ್ಮನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮೇಜಿನ ಮೇಲೆ ಇಬ್ಬರ ಚೀಲಗಳೂ ಅಕ್ಕಪಕ್ಕ ಇದ್ದವು. ಎರಡು ಚೀಲಗಳ ನಡುವೆ ಒಂದು ಮೀಸೆ ಇತ್ತು. ಮೊನ್ನೆ ಗಾಬರಿಯಲ್ಲಿ ಅವನು ಅದನ್ನು ಟೆಲಿಫೋನಮ್ಮನ ಮನೆಯಲ್ಲೇ ಬಿಟ್ಟು ಬಂದಿದ್ದ.

ಅವನು ಮೆಲ್ಲಗೆ ಬಾಗಿಲು ಮುಂದೆ ಮಾಡಿ ಬ್ರಷ್ಷು ಕೈಗೆತ್ತಿಕೊಂಡ. ಗೋಡೆಯಾಚೆ ಇಬ್ಬರೂ ನಗತೊಡಗಿದರು. ಮೌನವಾಗಿರಿ ಎಂದು ದೊಡ್ಡದಾಗಿ ಬರೆದ ಕೋಣೆಯಲ್ಲಿ, ಮೇಡಂ ಕೂಡ ತಡೆಯದೆ, ಬಹಳ ಹೊತ್ತು ನಕ್ಕರು. ಯಾರನ್ನು ನೆನೆದು ನಗುತ್ತಿದ್ದಾರೆಂದು ಪತ್ತೆ ಮಾಡಲು ರಟ್ಟಣ್ಣನಿಗೆ ಯಾವ ಸುಳಿವೂ ಬೇಕಾಗಲಿಲ್ಲ.